ಮೀಸೆ ಇದ್ದ ಸದಸ್ಯೆಯರು

ಮೊನ್ನೆ ಸೋಮವಾರ ನನ್ನ ಮೊಮ್ಮಗಳು ಅಕ್ಷತಾ ನಮ್ಮ ಮಂಡಳಿಯಲ್ಲಿ ಕೆಲಸಕ್ಕೆ ಸೇರಿದಳು. ನಾನು ಕಸ ಹೊಡೆದು, ಚಹಾ ಕೊಟ್ಟು, ಪುಸ್ತಕ ಹೊತ್ತು ತಿರುಗಿದ ಅದೇ ಮಂಡಳಿ! ಅವಳು ಅಲ್ಲಿ ಸಂಯೋಜಕಿ. ಆ ಶಬ್ದ ನನ್ನ ನಾಲಿಗೆಯ ಮೇಲೆ ಇನ್ನೂ ಸರಿಯಾಗಿ ಹೊರಳುವುದಿಲ್ಲ. ಆದರೂ ಓಣಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದೆ. ಹಾಲು ಹಾಕುವವನಿಗೆ ಎರಡು ದಿನ ಹೇಳಿದೆ.

"ಅಜ್ಜಿ, ನಿನ್ನಿನೂ ಹೇಳಿದ್ರಿ" ಅಂದ.

"ನಿನ್ನಿ ಹಾಲು ನಿನ್ನಿಗೆ, ಇವತ್ತಿನ ಹಾಲು ಇವತ್ತಿಗೆ. ಕೇಳು ಸುಮ್ನ" ಅಂದೆ.

ಅಕ್ಷತಾಳ ಜೊತೆ ಇನ್ನೂ ನಾಲ್ಕು ಮಂದಿ ಹೊಸಬರು ಸೇರಿದ್ದಾರೆ. ಅವರಿಗೆ ಎರಡು ದಿನ ತರಬೇತಿ ಆಯಿತಂತೆ. ಸಂಸ್ಥೆಯನ್ನು ಹೇಗೆ ನಡೆಸಬೇಕು, ಮುಂದಾಳು ಹೇಗಿರಬೇಕು ಎಂದು ಗೋಡೆಯ ಮೇಲೆ ಚಿತ್ರ ಬಿಟ್ಟು ತೋರಿಸಿದರಂತೆ. ರಾತ್ರಿ ಊಟಕ್ಕೆ ಕೂತಾಗ ಅವಳು, "ಅಜ್ಜಿ, ಅಲ್ಲಿ ಎಲ್ಲಾ ಛಲೋ ಛಲೋ ಹೇಳಿದ್ರು. ಖರೇನ ಹೆಂಗ ನಡೀತಿತ್ತು ಅನ್ನೂದನ್ನ ನೀ ಬರದು ಕೊಡು" ಅಂದಳು. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ನನ್ನ ಅಕ್ಷರ ಮಗ್ಗದ ಮೇಲೆ ಹರಿದ ಎಳೆಯ ಹಾಗೆ ಎಲ್ಲೆಲ್ಲೋ ಹೋಗುತ್ತದೆ. ಅವಳು ತಿದ್ದಿ ಒಪ್ಪ ಮಾಡಿದ್ದಾಳೆ, ಮಾತು ಮಾತ್ರ ನನ್ನವು. ಹೊಸದಾಗಿ ಸೇರಿದ ಮಕ್ಕಳೇ, ಓದಿಕೊಳ್ಳಿ.

ಬಾಗಲಕೋಟೆ ಜಿಲ್ಲೆಯಾದ ಹೊಸತರಲ್ಲಿ ನಾನು ಮಂಡಳಿಗೆ ಸಿಪಾಯಿಯಾಗಿ ಸೇರಿದೆ. ಅದಕ್ಕೂ ಮೊದಲು ಇಳಕಲ್ಲಿನಲ್ಲಿ ಸೀರೆ ನೇಯುವವರ ಮನೆಯಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಮಂಡಳಿಯ ಪೂರ್ತಿ ಹೆಸರು ಫಲಕದ ಮೇಲೆ ಎರಡು ಸಾಲು ಹಿಡಿಯುತ್ತಿತ್ತು. ಅರ್ಥ ಇಷ್ಟೇ: ಹೆಣ್ಣುಮಕ್ಕಳು ವಿಜ್ಞಾನ ಕಲಿಯಬೇಕು, ವಿಜ್ಞಾನದ ಕೆಲಸದಲ್ಲಿ ಗಂಡುಮಕ್ಕಳಿಗೆ ಸಮ ನಿಲ್ಲಬೇಕು. ಮೊದಲ ದಿನ ಒಳಗೆ ಹೋಗಿ ನೋಡಿದೆ. ಆ ಕಚೇರಿಯಲ್ಲಿ ಹೆಣ್ಣು ಅಂತ ಇದ್ದವಳು ನಾನೊಬ್ಬಳೇ. ನನಗೂ ವಿಜ್ಞಾನಕ್ಕೂ ಇದ್ದ ಸಂಬಂಧ ಒಲೆಗೆ ಊದುವ ಕೊಳವೆಯದು.

ಅಧ್ಯಕ್ಷರು ಅಂಗಡಿ ಸರ್. ಹೈಸ್ಕೂಲಿನ ಹೆಡ್‌ಮಾಸ್ತರರಾಗಿ ನಿವೃತ್ತರಾದವರು, ಮಲ್ಲಿಗೆಯಂಥ ಬಿಳಿ ಧೋತರ ಉಡುತ್ತಿದ್ದರು. ಮನಸ್ಸು ಒಳ್ಳೆಯದು, ಧ್ವನಿ ದೊಡ್ಡದು. ಕಾರ್ಯದರ್ಶಿ ಜೋಶಿಯವರು ಕಡ್ಡಿಯಂಥ ಮನುಷ್ಯ. ಜಗತ್ತು ಮುಳುಗಿದರೂ ನಿಯಮ ಮುಳುಗಬಾರದು ಅನ್ನುವವರು. ಸಭೆಯಲ್ಲಿ ಯಾರು ಏನು ಅಂದರೋ ಅದನ್ನು ಠರಾವಿನ ಪುಸ್ತಕದಲ್ಲಿ, ಅಂದರೆ ನಿರ್ಣಯದ ಪುಸ್ತಕದಲ್ಲಿ, ಅವರೇ ಬರೆಯಬೇಕು, ಕೆಮ್ಮಿದರೂ ಬರೆಯುತ್ತಿದ್ದರು. ಉಪಾಧ್ಯಕ್ಷರು ಬಹಳ ಹಿರಿಯರು. ಸಭೆ ಶುರುವಾದರೆ ನಿದ್ದೆ, ಅಧ್ಯಕ್ಷರು ಕೈ ಎತ್ತಿದರೆ ಎಚ್ಚರ, ತಾವೂ ಕೈ ಎತ್ತಿ ಮತ್ತೆ ನಿದ್ದೆ.

ಈ ಮೂವರ ಜೊತೆ ನಾಲ್ವರು ಹೆಣ್ಣುಮಕ್ಕಳು ಸದಸ್ಯೆಯರಾಗಿ ಇರಲೇಬೇಕೆಂದು ನಿಯಮವಿತ್ತು. ಇದ್ದರು ಕೂಡ, ಪುಸ್ತಕದಲ್ಲಿ. ಬಾದಾಮಿಯ ಕಮಲಾಬಾಯಿ, ಹುನಗುಂದದ ಡಾಕ್ಟರ್‌ಬಾಯಿ, ಇಳಕಲ್ಲಿನ ಸುಶೀಲಾಬಾಯಿ, ನಾಲ್ಕನೆಯವರು ಅಂಗಡಿ ಸರ್ ಅವರ ಮನೆಯವರೇ ಆದ ಪಾರ್ವತಿಬಾಯಿ. ಸಭೆಗೆ ಮಾತ್ರ ಇವರು ಯಾರೂ ಬರುತ್ತಿರಲಿಲ್ಲ. ಅವರ ಬದಲು ಅವರ ಗಂಡಂದಿರು ಬರುತ್ತಿದ್ದರು. ಆಗ ಎಷ್ಟೋ ಪಂಚಾಯಿತಿಗಳಲ್ಲಿ ಹಾಗೇ ನಡೆಯುತ್ತಿತ್ತಲ್ಲ, ಯಾರಿಗೂ ಇದು ವಿಚಿತ್ರ ಅನ್ನಿಸಲಿಲ್ಲ.

ವಿಚಿತ್ರವಾದದ್ದು ಜೋಶಿಯವರಿಂದ. "ಸದಸ್ಯೆ ಕಮಲಾಬಾಯಿ. ಹಂಗಾರ ಆ ಕುರ್ಚಿಯೊಳಗ ಯಾರು ಕೂಡ್ತಾರೋ ಅವರನ್ನ ನಾ ಕಮಲಾಬಾಯಿ ಅಂತನ ಬರೀತೇನಿ. ಇಲ್ಲಂದ್ರ ಹಾಜರಿ ಕಡಿಮಿ ಬೀಳ್ತದ" ಅಂದರು. ಕಮಲಾಬಾಯಿಯ ಗಂಡ ಬಸನಗೌಡರು ಕಲ್ಲಿನ ಗುತ್ತಿಗೆದಾರರು. ಅವರ ಮೀಸೆ ಎರಡೂ ಕಿವಿಗೆ ಸಮಾಚಾರ ಮುಟ್ಟಿಸುವಂತಿತ್ತು. ಹೀಗಾಗಿ ಪುಸ್ತಕದಲ್ಲಿ, "ಶ್ರೀಮತಿ ಕಮಲಾಬಾಯಿಯವರು ಮೀಸೆ ತಿರುವಿ ಈ ಮಾತನ್ನು ವಿರೋಧಿಸಿದರು" ಎಂದು ದಾಖಲಾಯಿತು. "ಶ್ರೀಮತಿ ಸುಶೀಲಾಬಾಯಿಯವರು ಬೀಡಿ ಸೇದಲು ಹೊರಗೆ ಹೋದುದರಿಂದ ಸಭೆಯನ್ನು ಐದು ನಿಮಿಷ ತಡೆಹಿಡಿಯಲಾಯಿತು" ಎಂದೂ ಇತ್ತು.

ಅಂಗಡಿ ಸರ್ ಕಷ್ಟ ಬೇರೆ. ಅವರು ತಾವೂ ಆಗಬೇಕು, ಹೆಂಡತಿಯೂ ಆಗಬೇಕು. ಎರಡೂ ಒಂದೇ ಕುರ್ಚಿಯಲ್ಲಿ ಆಗುವುದಿಲ್ಲ ಎಂದು ಜೋಶಿಯವರ ಹಟ. ಅಧ್ಯಕ್ಷರು ಠರಾವು ಮಂಡಿಸಿ, ಎದ್ದು, ಧೋತರ ಸರಿಮಾಡಿಕೊಂಡು, ಪಕ್ಕದ ಕುರ್ಚಿಗೆ ಹೋಗಿ ಕೂತು, "ಅಧ್ಯಕ್ಷರು ಹೇಳಿದ್ದು ಬರೋಬ್ಬರಿ ಐತಿ, ನನ್ನ ಅನುಮೋದನೆ ಐತಿ" ಅಂದು, ಮತ್ತೆ ಎದ್ದು ತಮ್ಮ ಕುರ್ಚಿಗೆ ಬಂದು, "ಧನ್ಯವಾದ" ಅನ್ನುತ್ತಿದ್ದರು. ನಾನು ಚಹಾ ಹಿಡಿದು ನಿಂತಾಗ ಯಾವ ಕುರ್ಚಿಯ ಮುಂದೆ ಇಡಬೇಕೋ ತಿಳಿಯುತ್ತಿರಲಿಲ್ಲ. ಎರಡೂ ಕಡೆ ಇಡುತ್ತಿದ್ದೆ. ಅವರು ಎರಡನ್ನೂ ಕುಡಿಯುತ್ತಿದ್ದರು.

ಒಂದು ವರ್ಷ ಸ್ಥಾಪನೆಯ ದಿನ ಬಂತು. ಕಾರ್ಯಕ್ರಮ ಪಟ್ಟಿಯಲ್ಲಿ ಜೋಶಿಯವರು, "ಮಹಿಳಾ ಸದಸ್ಯರಿಗೆ ಉಡಿ ತುಂಬುವುದು" ಎಂದು ಬರೆದುಬಿಟ್ಟಿದ್ದರು. ನಮ್ಮ ಕಡೆ ಮುತ್ತೈದೆಯರ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಗುಳೇದಗುಡ್ಡದ ಕುಬಸದ ಖಣ ಇಟ್ಟು ಉಡಿ ತುಂಬುವುದು ದೊಡ್ಡ ಮರ್ಯಾದೆ. ತಾಟು ಹಿಡಿದು ವೇದಿಕೆಗೆ ಹೋದೆ. ಸಾಲಾಗಿ ಗಂಡಸರು ಕೂತಿದ್ದಾರೆ.

"ಸಾಹೇಬ್ರ, ಯಾರಿಗೆ ತುಂಬಲ್ರಿ?" ಜೋಶಿಯವರ ಕಿವಿಯಲ್ಲಿ ಕೇಳಿದೆ.

"ಆ ಕುರ್ಚಿಯೊಳಗ ಯಾರ ಕೂತಾರ ಅವರಿಗೆ. ಪಟ್ಟಿಯೊಳಗ ಅದ, ಆಗಬೇಕು."

"ಕುಂಕುಮ ಹಚ್ಚೂದೇನ್ರಿ?"

ಪಟ್ಟಿ ನೋಡಿದರು. "ಕುಂಕುಮ ಬರದಿಲ್ಲ. ಬಿಡ್ರಿ."

ಬಸನಗೌಡರು ಹೆಗಲ ಮೇಲಿನ ಶಾಲು ಹಾಸಿ ಹಿಡಿದರು. ಕಲ್ಲು ಹೊರಿಸುವ ಮನುಷ್ಯ, ಒಂದು ಅಕ್ಕಿ ಕಾಳೂ ಕೆಳಗೆ ಬೀಳದಂತೆ ಹಿಡಿದದ್ದನ್ನು ನಾನೇ ನೋಡಿದ್ದೇನೆ. ಹುನಗುಂದದ ಡಾಕ್ಟರ್‌ಬಾಯಿಯ ಯಜಮಾನರು ಅಂಗಿಯ ಚುಂಗು ಹಿಡಿದರು. ಸುಶೀಲಾಬಾಯಿಯ ಗಂಡ ಇಳಕಲ್ಲಿನ ಸೀರೆ ವ್ಯಾಪಾರಿ. ಅವರು ಖಣವನ್ನು ಬೆಳಕಿಗೆ ಹಿಡಿದು ನೇಯ್ಗೆ ಪರೀಕ್ಷೆ ಮಾಡಿಯೇ ತಗೊಂಡರು. ಅಂಗಡಿ ಸರ್ ಅಧ್ಯಕ್ಷ ಭಾಷಣ ನಡುವೆ ನಿಲ್ಲಿಸಿ, ಹೆಂಡತಿಯ ಕುರ್ಚಿಗೆ ಬಂದು ಉಡಿ ತುಂಬಿಸಿಕೊಂಡು, ಅದನ್ನು ಬಗಲಲ್ಲಿ ಇರುಕಿಕೊಂಡೇ ಹೋಗಿ, "ಹೆಣ್ಣು ಅಬಲೆಯಲ್ಲ" ಎಂದು ಭಾಷಣ ಮುಂದುವರಿಸಿದರು. ಜನ ಚಪ್ಪಾಳೆ ಹೊಡೆದರು. ನಾನೂ ಹೊಡೆದೆ. ಈಗ ನೆನೆಸಿಕೊಂಡರೆ ಹೊಟ್ಟೆ ಹಿಡಿದು ನಗುತ್ತೇನೆ, ಆಗ ನಗಬೇಕು ಅಂತ ಹೊಳೆಯಲೇ ಇಲ್ಲ.

ಇಷ್ಟೆಲ್ಲದರ ನಡುವೆ ಮಂಡಳಿ ಒಂದು ಖರೇ ಕೆಲಸ ಮಾಡುತ್ತಿತ್ತು. ಗುಳೇದಗುಡ್ಡದಲ್ಲಿ ನೇಕಾರರ ಓಣಿಯೊಳಗೆ ಒಂದು ಕೋಣೆ ಹಿಡಿದು ಅಲ್ಲಿ ಹುಡುಗಿಯರಿಗೆ ವಿಜ್ಞಾನದ ಪ್ರಯೋಗ ಮಾಡಿಸುತ್ತಿದ್ದೆವು. ಕಲಿಸುವವರು ಶೈಲಾ ಅಕ್ಕೋರು. ಆಚೆ ಈಚೆ ಮಗ್ಗದ ಸಪ್ಪಳ, ನಡುವೆ ಗಾಜಿನ ಕೊಳವೆ, ಸೀಸೆ, ತಕ್ಕಡಿ. ವಾರಕ್ಕೆರಡು ಸಲ ನಾನು ಬಾಗಲಕೋಟೆಯಿಂದ ಬಸ್ಸಿನಲ್ಲಿ ಸಾಮಾನು ಒಯ್ಯುತ್ತಿದ್ದೆ, ಕೋಣೆ ಒರೆಸಿ ಬರುತ್ತಿದ್ದೆ.

ಅಲ್ಲಿ ನಾನೂ ಒಂದು ತಪ್ಪು ಮಾಡಿದೆ. ಹೊಸ ಸೂಕ್ಷ್ಮದರ್ಶಕ ಬಂದಿತ್ತು. ಮರುದಿನವೇ ಖಂಡೆ ಪೂಜೆ, ಅಂದರೆ ಆಯುಧ ಪೂಜೆ. ಮಗ್ಗಕ್ಕೆಲ್ಲ ಪೂಜೆ ಮಾಡುತ್ತಾರೆ, ಇದೇನು ಪಾಪ ಮಾಡಿದೆ ಎಂದು ತೊಳೆದು, ವಿಭೂತಿ ಎಳೆದು, ಮೇಲಿನ ಕಣ್ಣಿಗೂ ಕೆಳಗಿನ ಕಣ್ಣಿಗೂ ಕುಂಕುಮ ಹಚ್ಚಿ, ಚೆಂಡು ಹೂವು ಏರಿಸಿದೆ. ಹಬ್ಬ ಮುಗಿದಮೇಲೆ ಹುಡುಗಿಯರು ಉಳ್ಳಾಗಡ್ಡಿಯ ಸಿಪ್ಪೆ ನೋಡಬೇಕು, ಬರೀ ಕೆಂಪು ಬೆಟ್ಟ ಕಂಡಿತು. ಕೆಲಸ ಹೋಯಿತು ಅಂದುಕೊಂಡೆ.

ಶೈಲಾ ಅಕ್ಕೋರು ನಕ್ಕರು. "ಇರಲಿ ಯಲ್ಲವ್ವ. ಇವತ್ತ ಉಳ್ಳಾಗಡ್ಡಿ ಬ್ಯಾಡ, ಕುಂಕುಮಾನ ನೋಡೂಣು" ಅಂದು, ಚಿಟಿಕೆ ಕುಂಕುಮ ಗಾಜಿನ ಮೇಲೆ ಇಟ್ಟು ಎಲ್ಲರಿಗೂ ತೋರಿಸಿದರು. ಎಲ್ಲರೂ ಒಮ್ಮೆ ಬಗ್ಗಿ ನೋಡಿ ಎದ್ದರು. ಒಬ್ಬ ಹುಡುಗಿ ಮಾತ್ರ ಏಳಲೇ ಇಲ್ಲ. "ಲೇ, ಸಾಕ ಏಳ, ನಿನ್ನ ಹಣಿ ಮ್ಯಾಲಿಂದ ಅಲ್ಲನು ಅದು" ಎಂದು ಗೆಳತಿಯರು ಜಡೆ ಹಿಡಿದು ಜಗ್ಗಿದರು. ಅವಳು ರೇಣುಕಾ. ಖಣ ನೇಯುವ ಸಂಗಪ್ಪನ ಮಗಳು. ಆಗ ಹತ್ತನೆಯದರಲ್ಲಿದ್ದಳು. ಪರೀಕ್ಷೆ ಮುಗಿದದ್ದೇ ಊರಿನ ಕಾಲೇಜಿನಲ್ಲಿ ವಿಜ್ಞಾನಕ್ಕೇ ಹೆಸರು ಹಚ್ಚಬೇಕೆಂದು ಕೂತಳು.

ಆ ಕಾಲೇಜಿನಲ್ಲಿ ಪ್ರಯೋಗಶಾಲೆ ಇರಲಿಲ್ಲ. ಸಂಗಪ್ಪ ಬೇಡ ಅನ್ನಲಿಲ್ಲ. ಅವನದು ಒಂದೇ ಷರತ್ತು. "ಪ್ರಯೋಗಾ ಗೀಯೋಗಾ ಅಂತ ಬಸ್ ಹತ್ತಿಸಿ ಬಾಗಲಕೋಟಿಗೆ ಕಳಸೂದು ನನ್ನ ಕಡೆ ಆಗೂದಿಲ್ಲ. ಓಣಿಯೊಳಗ ನಿಮ್ಮ ಕೋಣಿ ಐತಲ್ಲ, ಅದು ಇರೂ ತನಕ ಕಲೀಲಿ" ಅಂದಿದ್ದ. ಅಂದರೆ ಕೋಣೆ ಇದ್ದರೆ ರೇಣುಕಾಳ ವಿಜ್ಞಾನ ಉಂಟು, ಕೋಣೆ ಹೋದರೆ ಇಲ್ಲ.

ಹೀಗಿರುವಾಗ ಅಂಗಡಿ ಸರ್, ಜೋಶಿಯವರು ಕೋಣೆ ನೋಡಲು ಬಂದರು. ಜೋಶಿಯವರ ಬಗಲಲ್ಲಿ ಠರಾವಿನ ಪುಸ್ತಕವೂ ಇತ್ತು. ಹುಡುಗಿಯರು ಗಂಧಕಾಮ್ಲವನ್ನು ನೀರಿಗೆ ಬೆರೆಸಿ ತೋರಿಸುವವರಿದ್ದರು. ರೇಣುಕಾ ಸೀಸೆಗೆ ಕೈ ಹಾಕುವಷ್ಟರಲ್ಲಿ ಅಂಗಡಿ ಸರ್ ಎದ್ದರು.

"ಬಾಜೂಕ ಸರಿ ತಂಗಿ. ಇದು ಹೆಣ್ಣುಮಕ್ಕಳು ಮುಟ್ಟೂವಂಥಾದ್ದಲ್ಲ. ನಾ ಮಾಡಿ ತೋರಸ್ತೇನಿ."

ಅವರು ಆಮ್ಲವನ್ನು ಬಟ್ಟಲಿಗೆ ಸುರಿದರು. ನೀರಿನ ಲೋಟ ಎತ್ತಿದರು.

"ಸರ್, ಹಂಗ ಬ್ಯಾಡ್ರಿ! ನೀರಿಗೆ ಆಮ್ಲ ಹಾಕಬೇಕ್ರಿ, ಆಮ್ಲಕ್ಕ ನೀರು ಹಾಕಬಾರದು!" ಎಂದು ರೇಣುಕಾ ಕೂಗಿದಳು.

"ನಾ ಮೂವತ್ತು ವರ್ಷ ಸಾಲಿ ಕಲಿಸೇನಿ" ಎಂದು ಅಂಗಡಿ ಸರ್ ನೀರು ಸುರಿದೇಬಿಟ್ಟರು.

ಕಾದ ಎಣ್ಣೆಗೆ ನೀರು ಬಿದ್ದಂತೆ ಚಟಪಟ ಅಂದಿತು. ಸರ್ ಹಿಂದೆ ಜಿಗಿದರು. ದೇವರು ದೊಡ್ಡವನು, ಮೈಗೆ ಹನಿ ತಾಗಲಿಲ್ಲ. ಧೋತರಕ್ಕೆ ಮಾತ್ರ ತಾಗಿತು. ಶೈಲಾ ಅಕ್ಕೋರು ಓಡಿಬಂದು ಕೊಡ ನೀರು ಸುರಿದರು. ಆ ದಿನ ಏನೂ ಕಾಣಲಿಲ್ಲ. ಮನೆಯಲ್ಲಿ ಒಗೆದು ಒಣಹಾಕಿದಾಗ ಆ ಧೋತರ ಜರಡಿಯಾಗಿತ್ತಂತೆ.

ಮುಂದಿನ ಸಭೆಯಲ್ಲಿ ಅಂಗಡಿ ಸರ್ ಠರಾವು ತಂದರು. ಜೋಶಿಯವರ ಕೈಬರಹ ಈಗಲೂ ಕಣ್ಣ ಮುಂದಿದೆ: "ಆಮ್ಲವು ಹೆಣ್ಣುಮಕ್ಕಳ ಕೈಗೆ ಅಪಾಯಕಾರಿ ಎಂಬುದು ಮಾನ್ಯ ಅಧ್ಯಕ್ಷರ ಧೋತರದ ಅನುಭವದಿಂದ ಸಿದ್ಧವಾಗಿರುವುದರಿಂದ, ಗುಳೇದಗುಡ್ಡದ ವಿಜ್ಞಾನ ಕೋಣೆಯನ್ನು ಮುಚ್ಚಿ ಅಲ್ಲಿ ಹೊಲಿಗೆ ತರಗತಿ ನಡೆಸತಕ್ಕದ್ದು." ಅಧ್ಯಕ್ಷರು ಕುರ್ಚಿ ಬದಲಿಸಿ ಅನುಮೋದಿಸಿದರು. ಮೀಸೆಯ ಕಮಲಾಬಾಯಿ ಒಪ್ಪಿದರು. ಉಪಾಧ್ಯಕ್ಷರು ಎಚ್ಚರಾಗಿ ಒಪ್ಪಿದರು.

ಆದರೆ ಯಾವುದಾದರೂ ಶಾಖೆ ಮುಚ್ಚಬೇಕಾದರೆ ನಾಲ್ವರೂ ಸದಸ್ಯೆಯರ ಕೈಸಹಿ ಬೇಕು, ಆಮೇಲೆ ಶನಿವಾರದ ಸಭೆಯಲ್ಲಿ ಅದು ಪಕ್ಕಾ ಆಗಬೇಕು, ಸಹಿ ಕಡಿಮೆ ಬಿದ್ದರೆ ಅಲ್ಲೇ ಕೈ ಎತ್ತಿಸಿ ತೀರ್ಮಾನಿಸಬೇಕು ಎಂದು ನಿಯಮ. ಸಹಿಯನ್ನು ಗಂಡಂದಿರಿಂದ ಮಾಡಿಸಲು ಜೋಶಿಯವರು ಒಪ್ಪುತ್ತಿರಲಿಲ್ಲ. "ಕುರ್ಚಿಯೊಳಗ ಯಾರ ಬೇಕಾದ್ರೂ ಕೂಡ್ಲಿ, ಸಹಿ ಸುಳ್ಳು ಆಗಬಾರದು" ಅನ್ನುವುದು ಅವರ ನ್ಯಾಯ. ಅದಕ್ಕೇ ಪ್ರತಿ ಸಭೆ ಆದಮೇಲೆ ಠರಾವಿನ ಪುಸ್ತಕವನ್ನು ಚೀಲದಲ್ಲಿ ಹಾಕಿಕೊಂಡು ಮನೆಮನೆಗೆ ಹೋಗಿ ಸಹಿ ತರುವುದು ನನ್ನ ಕೆಲಸ. ಮೂರು ವರ್ಷ ತಂದಿದ್ದೆ. ಬಾಗಿಲಲ್ಲಿ ನಿಂತು ಪುಸ್ತಕ ತೆರೆದು ಬೆರಳಿಟ್ಟು, "ಇಲ್ಲಿ ಹಾಕ್ರಿ" ಅನ್ನುತ್ತಿದ್ದೆ, ಅವರು ಹಾಕುತ್ತಿದ್ದರು. ಅವರೂ ಓದಲಿಲ್ಲ, ನಾನೂ ಓದಲಿಲ್ಲ.

ಆ ಸಲ ಗುಳೇದಗುಡ್ಡದಲ್ಲಿ ಇಳಿದು ಕೋಣೆಯ ಕೀಲಿ ತಗೊಂಡು ಮುಂದೆ ಹೋಗಬೇಕಿತ್ತು. ಸಂಗಪ್ಪ ಮಗ್ಗದಲ್ಲೇ ಕೂತು ಕೇಳಿದ.

"ಯಲ್ಲಕ್ಕಾ, ಕೋಣಿ ಮುಚ್ತಾರಂತಲ್ಲ, ಖರೆ ಏನು?"

"ಶನಿವಾರ ಗೊತ್ತಾಗ್ತದ ತಮ್ಮಾ."

"ಶನಿವಾರ ಸಂಜಿಕನ ಕಮತಗಿಯವ್ರು ರೇಣುಕಾನ್ನ ನೋಡಾಕ ಬರ್ತಾರ. ಕೋಣಿ ಉಳದ್ರ ಅವ್ರಿಗೆ ಈಗ ಬ್ಯಾಡ ಅಂತೇನಿ. ಇಲ್ಲಂದ್ರ ಮಾತ ಕೊಟ್ಟ ಬಿಡ್ತೇನಿ. ಬಾಯಿಮಾತು ತರಬ್ಯಾಡ, ಮಂಡಳಿ ಮೊಹರಿನ ಸಿಕ್ಕಾ ಹೊಡದ ಕಾಗದಾ ತಾ."

ರೇಣುಕಾ ಅಲ್ಲೇ ಕಂಡಿಕೆ ಸುತ್ತುತ್ತಿದ್ದಳು. ತಲೆ ಎತ್ತಲಿಲ್ಲ. ಅವಳ ಕೈ ಮಾತ್ರ ನಿಂತಿತು. ನಾನು ಆ ಕೆಲಸ ಮಾಡಿದವಳು, ಕೈ ಹಾಗೆ ನಿಲ್ಲುವುದಿಲ್ಲ ಅಂತ ಗೊತ್ತು.

ಬಾದಾಮಿಯ ಬಸ್ಸಿನಲ್ಲಿ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಮೊದಲ ಸಲ ಓದಿದೆ. ಅಕ್ಷರಕ್ಕೆ ಅಕ್ಷರ ಬೆರಳಿಟ್ಟು ಕೂಡಿಸಿದೆ. ಶಿವಯೋಗ ಮಂದಿರ ದಾಟುವ ಹೊತ್ತಿಗೆ ಒಂದು ಪುಟ ಆಗಿತ್ತು.

ಕಮಲವ್ವ ರೊಟ್ಟಿ ಬಡಿಯುತ್ತಿದ್ದರು. ಊರವರಿಗೆ ಅವರು ಕಮಲವ್ವ, ಪುಸ್ತಕಕ್ಕೆ ಮಾತ್ರ ಕಮಲಾಬಾಯಿ. ಹಿಟ್ಟಿನ ಕೈ ಒರೆಸಿಕೊಂಡು, "ಎಲ್ಲಿ ಹಾಕಲಿ?" ಅಂದರು, ಎಂದಿನಂತೆ. ನಾನು ಬೆರಳಿಡಬೇಕು. ಇಡಲಾಗಲಿಲ್ಲ.

"ಯವ್ವಾ, ಹಾಕೂಕಿಂತ ಮದಲ ಒಂದಿಷ್ಟು ಓದ್ರೆಲಾ" ಅಂದೆ.

ಅವರು ಏಳನೆಯವರೆಗೆ ಕಲಿತವರು, ಸರಸರ ಓದಿದರು. ಓದಿ, ಹಿಂದಿನ ಪುಟ ತಿರುವಿದರು. ಇನ್ನೂ ಹಿಂದಿನದು ತಿರುವಿದರು. ಮೊದಲು ನಗು ಬಂತು. ನಕ್ಕರು ನಕ್ಕರು, ಒಲೆಯ ಮೇಲಿನ ರೊಟ್ಟಿ ಹೊತ್ತಿತು.

"ನಾ ಮೀಸಿ ತಿರುವೇನಂತ! ಏ ಯಲ್ಲವ್ವ, ನಾ ಮೀಸಿ ತಿರುವೇನಂತ!"

ಆಮೇಲೆ ಒಂದು ಪುಟದಲ್ಲಿ ನಿಂತರು. ನಗು ಹೋಯಿತು.

"ನನಗ ಉಡಿ ತುಂಬೀರಿ?"

"ಹೂಂನ್ರಿ. ನಾನ ತುಂಬೇನಿ."

"ಖಣ ಎಲ್ಲೈತಿ? ನನಗ ಮುಟ್ಟಿಲ್ಲ."

ಅವರು ಪುಸ್ತಕ ಮುಚ್ಚಿ ನನ್ನ ಕೈಗೆ ಕೊಟ್ಟರು. ಸಹಿ ಹಾಕಲಿಲ್ಲ. "ಶನಿವಾರ ಸಭಾ ಎಷ್ಟಕ್ಕ?" ಅಂದರು.

ಹುನಗುಂದದಲ್ಲಿ ಡಾಕ್ಟರ್‌ಬಾಯಿ ದವಾಖಾನೆಯಲ್ಲಿ ರೋಗಿಗಳ ನಡುವೆ ನಿಂತೇ ಓದಿದರು. ಅವರ ಯಜಮಾನರದು ಗೊಬ್ಬರದ ಅಂಗಡಿ. "ವೈದ್ಯಕೀಯ ದೃಷ್ಟಿಯಿಂದ ಆಮ್ಲದ ವಾಸನೆ ಕನ್ಯೆಯರಿಗೆ ಒಳ್ಳೆಯದಲ್ಲ ಎಂದು ಡಾಕ್ಟರ್‌ಬಾಯಿಯವರು ಅಭಿಪ್ರಾಯಪಟ್ಟರು" ಎಂದು ಅಲ್ಲಿ ಬರೆದಿತ್ತು. ಅವರು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿ, "ಶನಿವಾರ ಚೀಟಿ ಕೊಡಬ್ಯಾಡ" ಎಂದು ಕಂಪೌಂಡರನಿಗೆ ಹೇಳಿದರು. ಇಳಕಲ್ಲಿನಲ್ಲಿ ಸುಶೀಲಾಬಾಯಿ, "ಅವ್ರೆಲ್ಲಾ ಬರ್ತಾರಂದ್ರ ನಾನೂ ಬರ್ತೇನಿ. ಇಳಕಲ್ಲಿನಾಕಿ ಒಬ್ಬಾಕಿ ಉಳದಳು ಅನ್ನಬಾರದು" ಅಂದರು. ಕಡೆಗೆ ಅಂಗಡಿ ಸರ್ ಮನೆ. ಪಾರ್ವತಿಬಾಯಿ ಓದಿದರು, ಒಳಗೆ ಪತ್ರಿಕೆ ಓದುತ್ತಿದ್ದ ಯಜಮಾನರ ಕಡೆ ಒಮ್ಮೆ ನೋಡಿದರು, ಸಹಿ ಹಾಕದೆ ಪುಸ್ತಕ ಮರಳಿಸಿದರು.

ಒಂದೂ ಸಹಿ ಇಲ್ಲದ ಪುಸ್ತಕ ತಂದಿಟ್ಟೆ. "ಯಾಕ ಯಲ್ಲವ್ವ?" ಅಂದರು ಜೋಶಿಯವರು. "ಸಭಾಕ ಬಂದು ಹಾಕ್ತಾರಂತ್ರಿ" ಅಂದೆ. ಅವರ ಮುಖ ನೀವು ನೋಡಬೇಕಿತ್ತು. ನಿಯಮದಲ್ಲಿ ಸದಸ್ಯೆಯರು ಸಭೆಗೆ ಬರಬಾರದು ಎಂದು ಎಲ್ಲೂ ಇರಲಿಲ್ಲ. ರಾತ್ರಿಯೆಲ್ಲ ಹುಡುಕಿದ್ದರಂತೆ.

ಶನಿವಾರ ನವನಗರದ ಹೊಸ ಕಚೇರಿಯಲ್ಲಿ ಏಳು ಕುರ್ಚಿ ಹಾಕಿದ್ದೆ. ಗಂಡಂದಿರು ಬಂದು ಎಂದಿನ ಜಾಗದಲ್ಲಿ ಕೂತರು. ಆಗ ಬಾಗಿಲಲ್ಲಿ ನಾಲ್ವರು ಹೆಣ್ಣುಮಕ್ಕಳು ನಿಂತರು. ಉಪಾಧ್ಯಕ್ಷರು ತಾವಾಗಿಯೇ ಎಚ್ಚರಾದರು.

ಜೋಶಿಯವರು ಹಾಜರಿ ಶುರುಮಾಡಿ ಅಲ್ಲೇ ಸಿಕ್ಕಿಬಿದ್ದರು. "ಇಬ್ಬರು ಕಮಲಾಬಾಯಿ ಆದ್ರಲ್ರಿ."

"ಜೋಶಿಯವ್ರ, ನಾ ಬಸನಗೌಡ" ಅಂದರು ಗೌಡರು.

"ಪುಸ್ತಕದೊಳಗ ಹಂಗಿಲ್ಲ. ಮೂರು ವರ್ಷದಿಂದ ನೀವೇ ಕಮಲಾಬಾಯಿ ಇದ್ದೀರಿ. ಈ ಬಾಯಾರು ಯಾರು ಅಂತ ಮೊದಲ ಗುರ್ತು ಆಗಬೇಕು."

"ಹತ್ತೊಂಬತ್ತು ವರ್ಷ ಇವ್ರ ಕೂಡ ಬಾಳೇ ಮಾಡೇನಿ. ಗುರ್ತು ಇವ್ರನ್ನ ಕೇಳ್ರಿ" ಅಂದರು ಕಮಲವ್ವ.

ಜೋಶಿಯವರು ಪೆನ್ನು ಎತ್ತಿದರು. "ಗೌಡ್ರ, ಗುರ್ತು ಹೇಳ್ತೀರೇನು?"

ಗೌಡರು ಹೆಂಡತಿಯ ಕಣ್ಣು ನೋಡಿದರು. "ಹೌದ್ರಿ. ಈಕಿನ ಕಮಲವ್ವ."

"ಹಂಗಾರ ನೀವು ಯಾರು?"

ಗೌಡರ ಕೈ ಮೀಸೆಗೆ ಹೋಯಿತು. ಆಗ ಡಾಕ್ಟರ್‌ಬಾಯಿ ಮೆಲ್ಲಗೆ ಹೇಳಿದರು, "ನಾವು ನಾಲ್ಕೂ ಮಂದಿ ಇಷ್ಟು ದಿನಾ ಬಂದಿಲ್ಲ ಅಂತ ಬರ್ಕೋರಿ. ಬಂದಿಲ್ಲ ಅಂದ್ರ ಕೋರಂ ಇರಲಿಲ್ಲ. ಕೋರಂ ಇರಲಿಲ್ಲ ಅಂದ್ರ ಅಧ್ಯಕ್ಷರ ಆಯ್ಕೆನೂ ಆಗಿಲ್ಲ."

ಎಲ್ಲರೂ ಅಂಗಡಿ ಸರ್ ಕಡೆ ತಿರುಗಿದರು. ಅವರು ತಮ್ಮ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

"ಬಂದಾರ, ಬಂದಾರ! ಎಲ್ಲಾ ಸಭಾಕೂ ಇವರು ಬಂದಾರ. ನಾನ ನೋಡೇನಿ!"

"ಹಂಗಾರ ಬಸನಗೌಡ್ರು ಯಾವತ್ತೂ ಬಂದಿಲ್ಲ?" ಜೋಶಿಯವರು ಕೇಳಿದರು.

"ಇಲ್ಲ. ಅವರನ್ನ ನಾ ಇವತ್ತ ನೋಡಾಕತ್ತೇನಿ."

"ಹಂಗಾರ ಸದಸ್ಯರಲ್ಲದವರು ಹೊರಗ ಹೋಗಬೇಕು."

ಮೂವರು ಗಂಡಂದಿರು ಎದ್ದು ಪಡಸಾಲೆಗೆ ಹೋಗಿ ಕಿಟಕಿಯಲ್ಲಿ ನಿಂತರು. ಹೆಂಗಸರು ಕೂತರು. ನಾನು ಏಳು ಚಹಾ ಕೊಟ್ಟೆ. ಎಷ್ಟು ಕುರ್ಚಿಯೋ ಅಷ್ಟೇ ಮಂದಿ, ಮೂರು ವರ್ಷದಲ್ಲಿ ಅದೇ ಮೊದಲು.

ಕೋಣೆ ಮುಚ್ಚುವ ವಿಷಯ ಬಂತು. ಅಂಗಡಿ ಸರ್ ಮುಚ್ಚಬೇಕು ಎಂದು ಕೈ ಎತ್ತಿದರು. ಉಪಾಧ್ಯಕ್ಷರು ಎತ್ತಿದರು. ಸುಶೀಲಾಬಾಯಿಯೂ ಎತ್ತಿದರು! ಕಿಟಕಿಯಿಂದ ಅವರ ಗಂಡ ಎತ್ತು ಎತ್ತು ಎಂದು ಸನ್ನೆ ಮಾಡುತ್ತಿದ್ದರು.

"ನೀವು ಸುಮ್ನ ನಿಂದರ್ರಿ. ನಾ ನಿಮ್ಮ ಸನ್ನಿಗೆ ಎತ್ತಿಲ್ಲ" ಎಂದು ಸುಶೀಲಾಬಾಯಿ ಅವರಿಗೆ ಗದರಿಸಿ, ಸಭೆಯ ಕಡೆ ತಿರುಗಿದರು. "ನಮ್ಮ ಅಕ್ಕ ಸಣ್ಣಾಕಿ ಇದ್ದಾಗ ನೂಲಿಗೆ ಹಾಕೂ ಕುದಿ ಗಂಜಿ ಕೈಮ್ಯಾಲ ಬಿತ್ತು. ಆ ಕೈ ನೋಡ್ಕೋತ ಬೆಳದಾಕಿ ನಾನು. ನನಗ ಅಂಜಿಕಿ ಆಗ್ತೈತಿ, ಅದಕ್ಕ ಎತ್ತೇನಿ."

ಕಮಲವ್ವ, ಡಾಕ್ಟರ್‌ಬಾಯಿ ಕೋಣೆ ಉಳಿಯಬೇಕು ಎಂದರು. ಮೂರಕ್ಕೆ ಎರಡು. ನಾನು ಬಾಗಿಲಿಗೆ ಒರಗಿ ನಿಂತಿದ್ದೆ. ಕಣ್ಣ ಮುಂದೆ ರೇಣುಕಾಳ ನಿಂತ ಕೈ.

ಪಾರ್ವತಿಬಾಯಿ ಗಂಡನ ಕಡೆ ನೋಡದೆ ಹೇಳಿದರು. "ಆ ಧೋತರಾ ಒಗದಾಕಿ ನಾನು. ತೂತು ಎಣಿಸಿದಾಕಿನೂ ನಾನು. ಹುಡುಗಿ ಬ್ಯಾಡ ಅಂದಳಂತ. ಕೇಳಿದ್ರ ಒಂದೂ ಬೀಳ್ತಿರಲಿಲ್ಲ. ಕೋಣಿ ಇರಲಿ."

"ಪಾರ್ವತೀ!" ಅಂದರು ಅಂಗಡಿ ಸರ್. "ಮೂರು ವರ್ಷದಾಗ ಒಮ್ಮೆನೂ ನೀ ನನಗ ವಿರೋಧ ಮಾಡಿಲ್ಲ!"

"ನಾ ಬಂದಿರಲಿಲ್ಲಲ್ರಿ."

ಮೂರಕ್ಕೆ ಮೂರು. ಉಳಿದವರು ಜೋಶಿಯವರು. ಅವರು ಯಾವ ಸಭೆಯಲ್ಲೂ ಕೈ ಎತ್ತಿದವರಲ್ಲ, ಬಲಗೈ ಸದಾ ಬರೆಯುತ್ತಿತ್ತಲ್ಲ. ಅವರು ಪುಟ ಹಿಂದೆ ತಿರುವಿ, ಗುಳೇದಗುಡ್ಡದ ದಿನ ತಾವೇ ಬರೆದದ್ದನ್ನು ಜೋರಾಗಿ ಓದಿದರು. "ವಿದ್ಯಾರ್ಥಿನಿ ಬೇಡವೆಂದಳು. ಅಧ್ಯಕ್ಷರು ಕೇಳಲಿಲ್ಲ. ಆಮ್ಲವು ಸಿಡಿಯಿತು."

ಓದಿ, ಪೆನ್ನು ಕೆಳಗಿಟ್ಟರು. "ಅಪಾಯ ಹೆಣ್ಣುಮಕ್ಕಳ ಕೈಯಿಂದ ಆತು ಅಂತ ನಾ ಎಲ್ಲೂ ಬರದಿಲ್ಲ. ಕೋಣಿ ಇರಲಿ" ಎಂದು ಬಲಗೈ ಎತ್ತಿದರು.

ನನಗೆ ಚಪ್ಪಾಳೆ ಹೊಡೆಯಬೇಕು ಅನ್ನಿಸಿತು, ಕೈಯಲ್ಲಿ ತಾಟು ಇತ್ತು. ಸುಶೀಲಾಬಾಯಿ ಆಮ್ಲದ ಕಪಾಟಿಗೆ ಕೀಲಿ ಹಾಕಬೇಕು, ಕೀಲಿ ಶೈಲಾ ಅಕ್ಕೋರ ಬಳಿ ಇರಬೇಕು ಎಂದರು, ಎಲ್ಲರೂ ಒಪ್ಪಿದರು. ಕಮಲವ್ವ, "ಇನ್ನ ಮ್ಯಾಲ ಅಧ್ಯಕ್ಷರು ಆಮ್ಲ ಮುಟ್ಟಬಾರದು ಅಂತನೂ ಬರೀರಿ" ಅಂದರು.

ಅಂಗಡಿ ಸರ್ ಧೋತರ ಸರಿಮಾಡಿಕೊಂಡರು. ಆಮೇಲೆ, "ಅಧ್ಯಕ್ಷರು ಅನಬ್ಯಾಡ್ರಿ ಜೋಶಿಯವರ. ಗಂಡಸರು ಅನ್ರಿ. ನಾ ಒಬ್ಬನ ಏನು ಪಾಪ ಮಾಡೇನಿ?" ಅಂದರು. ಹಾಗೇ ಬರೆದಾಯಿತು. ಆ ನಿಯಮ ಎಷ್ಟೋ ವರ್ಷ ಇತ್ತು. ಮಕ್ಕಳೇ, ಸರ್ ಕೆಟ್ಟವರಲ್ಲ, ಇದನ್ನು ಮರೆಯಬೇಡಿ. ಆಮೇಲೆ ಡಾಕ್ಟರ್‌ಬಾಯಿಯನ್ನು ಅಧ್ಯಕ್ಷೆ ಮಾಡಲು ಮೊದಲು ಹೆಸರು ಹೇಳಿದವರು ಅವರೇ, ತಮ್ಮ ಕುರ್ಚಿಯಿಂದಲೇ.

ಸಿಕ್ಕಾ ಹೊಡೆದ ಕಾಗದ ಕುಬಸದಲ್ಲಿಟ್ಟುಕೊಂಡು ಬಸ್ಸು ಹಿಡಿದೆ. ಸಂಗಪ್ಪನ ಮನೆಯಲ್ಲಿ ಕಮತಗಿಯವರು ಬಂದು ಕೂತು ಅವಲಕ್ಕಿ ತಿನ್ನುತ್ತಿದ್ದರು. ಸಂಗಪ್ಪ ಕಾಗದ ಇಸಿದುಕೊಂಡು ಅವರ ಮುಂದೆಯೇ ಗಟ್ಟಿಯಾಗಿ ಓದಿದ. ಕೋಣೆ ಮುಂದುವರಿಯತಕ್ಕದ್ದು, ಕಪಾಟಿಗೆ ಕೀಲಿ ಹಾಕತಕ್ಕದ್ದು, ಗಂಡಸರು ಆಮ್ಲ ಮುಟ್ಟತಕ್ಕದ್ದಲ್ಲ.

"ಏನೋ ಸಂಗಪ್ಪ, ನಾವು ಕನ್ಯಾ ನೋಡಾಕ ಬಂದೇವೋ, ಸಭಾಕ ಬಂದೇವೋ?" ಅಂದ ವರನ ಅಪ್ಪ.

"ತಪ್ಪ ತಿಳೀಬ್ಯಾಡ್ರಿ ಬೀಗ್ರ. ಹುಡುಗಿ ಕಲೀತಾಳ."

ಆ ಹಿರಿಯ ಅವಲಕ್ಕಿ ಮುಗಿಸಿ ಕೈ ತೊಳೆದ. "ಕಲೀಲಿ ಬಿಡು. ನಮ್ಮವಂದೂ ಏನ್ ಅವಸರಿಲ್ಲ, ಹನ್ನೆರಡನೇದ್ದ ಎರಡ ಸಲ ಕುಂತಾನ, ಇನ್ನೊಮ್ಮೆ ಕೂಡ್ತಾನ" ಎಂದು ನಗುತ್ತ ಎದ್ದ.

ಸೋಮವಾರ ಕೋಣೆ ತೆರೆಯಲು ಹೋದವಳು ರೇಣುಕಾಳ ಹೆಸರು ಹಚ್ಚಲು ಹೊರಟವರ ಸಂಗಡ ನಾನೂ ಕಾಲೇಜಿಗೆ ನಡೆದೆ. ಸಂಗಪ್ಪ ಅರ್ಧ ನೇಯ್ದ ಖಣ ಮಗ್ಗದಲ್ಲೇ ಬಿಟ್ಟು, ಮಡಿಕೆ ಬಿಚ್ಚದ ಹೊಸ ಅಂಗಿ ಹಾಕಿಕೊಂಡು ಮುಂದೆ ನಡೆದ. ಹಿಂದೆ ರೇಣುಕಾ, ಅವಳ ಹಿಂದೆ ಅವಳ ಅವ್ವ ಗೌರವ್ವ. ಕಿಟಕಿಯ ಮುಂದೆ ಉದ್ದ ಸಾಲು. ಅರ್ಜಿಯಲ್ಲಿ ಅಪ್ಪನ ಸಹಿ, ಅವ್ವನ ಸಹಿ ಎರಡೂ ಬೇಕಿತ್ತು. ಸಂಗಪ್ಪ ತನ್ನದು ಹಾಕಿ ಪೆನ್ನು ಗೌರವ್ವನ ಕೈಗೆ ಕೊಟ್ಟ. ಅವಳು ಸೆರಗಿಗೆ ಕೈ ಒರೆಸಿಕೊಂಡು ಮೊದಲ ಅಕ್ಷರಕ್ಕೇ ನಿಂತಳು.

"ಭಾಳ ಮಂದಿ ಅದಾರ. ನೀವ ಹಾಕಿಬಿಡ್ರಿ, ನಡೀತೈತಿ" ಎಂದ ಗುಮಾಸ್ತ, ಸಂಗಪ್ಪನಿಗೆ.

ಸಂಗಪ್ಪ ಕಿಟಕಿಯ ಕಟ್ಟೆಯ ಮೇಲೆ ಮೊಣಕೈ ಊರಿದ. "ಇಲ್ರಿ. ಆಕಿದು ಆಕಿನ ಹಾಕ್ತಾಳ. ತಡೀರಿ."

ಗೌರವ್ವ ಬರೆಯತೊಡಗಿದಳು. ಸಾಲಿನಲ್ಲಿದ್ದವರೆಲ್ಲ ಕಾದೆವು.